ಕರಗಿದ ಪ್ಲಾಸ್ಟಿಕ್ಕಿನ ವಾಸನೆ

ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯಲ್ಲಿ ಪ್ಲಾಸ್ಟಿಕ್ ಕರಗಿದ ವಾಸನೆ ಬಂದರೆ ಅದಕ್ಕೆ ಒಂದೇ ಅರ್ಥ, ನೂಲಿನಲ್ಲಿ ಕಲಬೆರಕೆ. ಎಳೆಗೆ ಬೆಂಕಿ ಮುಟ್ಟಿಸಿದಾಗ ಕೂದಲು ಸುಟ್ಟ ನಾತ ಬಂದು ಬೂದಿಯಾದರೆ ರೇಷ್ಮೆ; ಕರಗಿ ಗುಂಡಾದರೆ ನೈಲಾನ್. ಬಿ.ಎ. ಓದಿದ ಸೊಸೆ ವಿಜಯಮ್ಮನಿಗೆ ಮಾವ ರಾಮಲಿಂಗಯ್ಯ ಕಲಿಸಿದ ಮೊದಲ ಪಾಠ ಅದು.

ಅದೇ ವಾಸನೆ ಈಗ ಮೈದುನ ನಂಜುಂಡಯ್ಯನ ಕೋಣೆಯಿಂದ ಬರುತ್ತಿತ್ತು. ನಿನ್ನೆಯೂ ಹೀಗೇ, ಮಧ್ಯಾಹ್ನ ಮಾವ ಉಂಡು ಮಲಗಿದ ಮೇಲೆ, ಕದ ಮುಚ್ಚಿದ ಮೇಲೆ.

ಮಗ್ಗದಲ್ಲಿ ಯಳಂದೂರಿನವರ ಧಾರೆ ಸೀರೆಯಿತ್ತು. ಅದರ ಹೊಕ್ಕಿಗೆ, ಅಡ್ಡ ಎಳೆಗೆ, ನೂಲು ಸುತ್ತಿಕೊಡುವವನು ನಂಜುಂಡನೇ. ನೈಲಾನ್ ಬೆರೆಸಿದ್ದಾನೆಂಬ ಮಾತು ಬೀದಿಗೆ ಬಿದ್ದರೆ ಈ ಮನೆಯ ಸೀರೆಯನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ತಾನು ಸುಳ್ಳೇ ಅನುಮಾನಪಟ್ಟರೋ, ಮನೆ ಒಡೆದ ಓದಿದ ಸೊಸೆ ಎಂಬ ಹೆಸರು.

ಅವಳು ಲಾಳಿಯಿಂದ ಒಂದು ಎಳೆ ಕಿತ್ತು ಒಲೆಯಲ್ಲಿ ಹಿಡಿದಳು. ಕೂದಲಿನ ನಾತ, ಪುಡಿ ಬೂದಿ. ಆದರೂ ಸಮಾಧಾನವಾಗಲಿಲ್ಲ. ಶುದ್ಧವಾದದ್ದನ್ನು ಲಾಳಿಗಿಟ್ಟು ಬೇರೆಯದನ್ನು ಒಳಗೆ ಬಚ್ಚಿಟ್ಟಿದ್ದರೆ?

ಕದ ತಳ್ಳಿದಳು.

ನಂಜುಂಡ ಬೆಚ್ಚಿಬಿದ್ದ. ಅವನ ಕೈಯಲ್ಲಿ ಹೊಗೆಯಾಡುವ ಸಾಲ್ಡರಿಂಗ್ ಐರನ್, ಮುಂದೆ ಬಿಚ್ಚಿದ ಟ್ರಾನ್ಸಿಸ್ಟರ್ ರೇಡಿಯೋ.

"ಕದ ಮುಚ್ಚಿ ಅತ್ತಿಗೆ! ಮಾಂಬಳ್ಳಿ ಮೇಷ್ಟ್ರುದು. ಸ್ಕ್ರೂ ತಿರುಪಿನ ತೂತು ಸವೆದೋಗ್ಯದೆ."

"ಅದಕ್ಕೆ ಸುಡೋದಾ?"

"ಸುಡಲ್ಲ ಕಣ್ರಿ, ಹಿತ್ತಾಳೆ ತೂತು ಕೂರಿಸೋದು. ನೋಡಿ."

ಒಳಗೆ ತಿರುಪಿನ ಸುತ್ತು, ಹೊರಗೆ ಗೀರು ಇದ್ದ ಹಿತ್ತಾಳೆಯ ಪುಟ್ಟ ಕೊಳವೆಯನ್ನು ಅವನು ಸವೆದ ತೂತಿನ ಮೇಲಿಟ್ಟು, ಕಾದ ಮೊನೆಯಿಂದ ಮೆಲ್ಲಗೆ ಅದುಮಿದ. ಪ್ಲಾಸ್ಟಿಕ್ ಮೆತ್ತಗಾಗಿ ಹಿತ್ತಾಳೆಗೆ ದಾರಿ ಬಿಟ್ಟಿತು. ಕೊಳವೆ ಮೈಮಟ್ಟಕ್ಕೆ ಇಳಿದ ಕೂಡಲೇ ಮೊನೆ ತೆಗೆದು, ತಗಡಿನ ಚೂರಿನಿಂದ ಒತ್ತಿ ಹಿಡಿದ.

"ಆರೋವರ್ಗೂ ಅಲ್ಲಾಡಬಾರ್ದು. ಹಳೇ ಕಪ್ಪು ರೇಡಿಯೋಗೆ ಇದಾಗಲ್ಲ, ಅದ್ರ ಪೆಟ್ಟಿಗೆ ಕರಗಲ್ಲ."

ಅವಳ ಕಣ್ಣು ಮೂಲೆಯ ನೂಲಿನ ಬುಟ್ಟಿಯ ಮೇಲೆಯೇ ಇತ್ತು. ನಂಜುಂಡ ಅದನ್ನು ಗಮನಿಸಿದ. ಅವನ ಮುಖ ಕಪ್ಪಿಟ್ಟಿತು.

"ನನ್ ಮೇಲಾ ಅನುಮಾನ? ಎಲ್ಲಾನೂ ಸುಟ್ಟು ನೋಡ್ಕಳಿ. ಅಪ್ಪಂಗೆ ಮಾತ್ರ ರೇಡಿಯೋ ವಿಸ್ಯ ಹೇಳ್ಬೇಡಿ. ಮಗ ಮಗ್ಗ ಬುಟ್ಟೋಯ್ತಾನೆ ಅಂತ ಕೊರಗ್ತದೆ."

ಅವಳು ಉತ್ತರಿಸುವ ಮೊದಲೇ ಹಜಾರದಲ್ಲಿ ಕೆಮ್ಮು ಕೇಳಿತು. ನಂಜುಂಡ ರೇಡಿಯೋ ಮೇಲೆ ಪಂಚೆ ಎಳೆದ.

ರಾಮಲಿಂಗಯ್ಯ ಬಾಗಿಲಲ್ಲಿ ನಿಂತು ಗಾಳಿ ಮೂಸಿದರು. ಬುಟ್ಟಿ ನೋಡಿದರು, ಮಗನನ್ನು ನೋಡಿದರು. ಚೌಕಟ್ಟು ಹಿಡಿದುಕೊಂಡರು.

"ಲೇ, ಯಾವಾಗಿಂದ್ಲಾ ಈ ಕಲಬೆರಕೆ?"

ನಂಜುಂಡ ಪಂಚೆಯನ್ನು ಇನ್ನಷ್ಟು ಒತ್ತಿ ಹಿಡಿದ. ಕಳ್ಳನೆನಿಸಿಕೊಂಡರೂ ಸರಿ, ರೇಡಿಯೋ ವಿಷಯ ಹೇಳಲಾರ. ವಿಜಯಮ್ಮನಿಗೆ ತಾನು ಮಾಡಿದ ತಪ್ಪೇ ಮಾವನ ಮುಖದಲ್ಲಿ ಕಂಡಂತಾಯಿತು. ಅವಳು ರೇಡಿಯೋ ಮೇಲಿನ ಪಂಚೆ ಎಳೆದುಹಾಕಿದಳು.

"ನೂಲಲ್ಲ ಮಾವ. ರೇಡಿಯೋ ರಿಪೇರಿ."

ಮುದುಕರು ಬಗ್ಗಿ ಹಿತ್ತಾಳೆಯನ್ನು ಉಗುರಿನಿಂದ ಕೆರೆದು ನೋಡಿದರು. ಅದು ಕದಲಲಿಲ್ಲ.

"ಮಗ್ಗ ಬುಡ್ತೀಯೇನ್ಲಾ?"

"ಗೊತ್ತಿಲ್ಲಪ್ಪ."

ಮುದುಕರು ಹಿತ್ತಾಳೆಯ ಮೇಲಿಂದ ಕೈ ತೆಗೆದರು.

"ಬುಡು, ಬುಡದೆ ಇರು. ಕದ ಮುಚ್ಕಂಡು ಮಾತ್ರ ಮಾಡ್ಬೇಡ. ಜಗುಲಿ ಮ್ಯಾಲೆ ಎಲ್ರಿಗೂ ಕಾಣಂಗೆ ಕೂತ್ಕಂಡು ಮಾಡು. ಅಕ್ಕಪಕ್ಕದೋರ್ಗೂ ಮೂಗು ಅದೆ ಕಣ್ಲಾ."

ನಂಜುಂಡ ಅತ್ತಿಗೆಯ ಮುಖ ನೋಡದೆ ವೈರು ಸುತ್ತಿಕೊಂಡು ಜಗುಲಿಗೆ ಹೊರಟ. ವಿಜಯಮ್ಮ ರೇಡಿಯೋವನ್ನು ಬೀದಿಗೆ ಕಾಣುವಂತೆ ಜಗುಲಿಯಂಚಿಗೆ ಇಟ್ಟಳು. ಎದುರು ಮನೆಯ ಕಿಟಕಿ ಅರ್ಧ ತೆರೆದಿತ್ತು. ನಿನ್ನೆ ವಾಸನೆ ಬಂದಾಗಲೂ ತೆರೆದಿತ್ತೇ ಎಂದು ಅವಳು ನೆನಪಿಸಿಕೊಳ್ಳತೊಡಗಿದಳು.