ಗಾಳಿ ಶಾಫ್ಟಿಗೆ ನೇವಾ ಕೊಟ್ಟ ಜಾಗ

ನೇವಾ ಸೈಜ್‌ಮೋರ್ ಎಂಬ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ನಮ್ಮ ಕಡೆಯ ಸರ್ಕಾರಿ ಕಾಡಿಗೆ ರೇಂಜರ್ ಆಕೆ. ಬೆಟ್ಟದಲ್ಲಿ ಔಷಧಿಗೆ ಮಾರುವ ಜಿನ್ಸೆಂಗ್ ಬೇರು ನಾಲ್ಕು ಅಗೆದೆನೆಂದು ನನ್ನನ್ನು ಕೋರ್ಟಿಗೆ ಎಳೆದಿದ್ದಳು. ಅದೂ ನಮ್ಮಜ್ಜ ಅಗೆಯುತ್ತಿದ್ದ ಬೆಟ್ಟದಲ್ಲಿ. ಅಂಥವಳ ಮುಂದೆ ಕೈಯೊಡ್ಡಿ ನಿಲ್ಲುವ ಗತಿ ನಮ್ಮ ಗಣಿಗೆ ಬಂದಿತ್ತು.

ಕೆಂಟಕಿಯ ಈ ಬೆಟ್ಟದೊಳಗೆ ಕಲ್ಲಿದ್ದಲಿನ ಬೆನ್ನು ಹತ್ತಿ ನಾವು ಮೈಲುಗಟ್ಟಲೆ ಒಳಗೆ ಹೋಗಿಬಿಟ್ಟಿದ್ದೆವು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಗಾಳಿ ಸೊರಗಿರುತ್ತಿತ್ತು. ಬೆಂಕಿ ಬಿದ್ದರೆ ಅಷ್ಟು ದೂರವೂ ವಾಪಸು ನಡೆಯಬೇಕು. ನನ್ನ ಜೊತೆಗಾರ ಎಸ್ಟಿಲ್‌ಗೆ ಎದೆ ತುಂಬ ಕಲ್ಲಿದ್ದಲಿನ ದೂಳು. ಮನೆ ಮೆಟ್ಟಿಲು ಹತ್ತಿದರೂ ಏದುಸಿರು. ಕೆಲಸ ಬಿಡು ಎಂದರೆ ಕಿವಿಗೆ ಹಾಕಿಕೊಳ್ಳುವ ಆಸಾಮಿಯಲ್ಲ. ಹೊಗೆ ತುಂಬಿದ ದಿನ ಯಾರು ಹೊರಬಂದರೂ ಅವನು ಬರಲಾರ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೇಲಿನ ಕಾಡಿನಿಂದ ನೆಟ್ಟಗೆ ಬಾವಿಯಂತೆ ಒಂದು ಶಾಫ್ಟು ತೋಡಿದರೆ ಗಾಳಿಯೂ ಇಳಿಯುತ್ತದೆ, ಆಪತ್ತಿನಲ್ಲಿ ಜನರನ್ನು ಕಬ್ಬಿಣದ ತೊಟ್ಟಿಲಲ್ಲಿ ಕೂರಿಸಿ ಮೇಲೆತ್ತಲೂಬಹುದು. ಆದರೆ ಒಪ್ಪಿಗೆ ಕೊಡಬೇಕಾದವಳು ನೇವಾ. ಕಂಪನಿಯವರು ಆಕೆಗೆ ಹೆದರಿ ರಸ್ತೆ ಪಕ್ಕದ ಪೊದೆ ಜಾಗ ಕೇಳಿದರು. ಅಲ್ಲಿ ಒಂದು ದೊಡ್ಡ ಮರವೂ ಇರಲಿಲ್ಲ. ನಾವು ಕೆಲಸ ಮಾಡುವ ಕಡೆಯಿಂದ ಅದೂ ಬಲು ದೂರವೇ.

"ಒಳಗಿಂದ ಅಲ್ಲಿಗೆ ಹೇಗೆ ಬರ್ತೀರಿ, ನಡೆದು ತೋರಿಸಿ" ಎಂದಳು ಆಕೆ.

ನಮ್ಮಲ್ಲಿ ಹೊಗೆ ಕವಾಯತು ಎಂದು ಮಾಡುತ್ತೇವೆ. ಕಣ್ಣು ಕಾಣದಂತೆ ಕಪ್ಪು ಕನ್ನಡಕ ಹಾಕಿಕೊಂಡು, ಗೋಡೆಗುಂಟ ಕಟ್ಟಿದ ಹಗ್ಗ ಹಿಡಿದು ನಡೆಯಬೇಕು. ಹಗ್ಗಕ್ಕೆ ಅಲ್ಲಲ್ಲಿ ಆಲಿಕೆಯಂಥ ತುಂಡು ಪೋಣಿಸಿರುತ್ತದೆ. ಹೊರಕ್ಕೆ ಹೊರಟ ಕೈ ಅದರ ಮೇಲೆ ಸಲೀಸಾಗಿ ಜಾರುತ್ತದೆ, ಒಳಕ್ಕೆ ತಿರುಗಿದರೆ ತಡೆಯುತ್ತದೆ. ಮೊದಲ ತಿರುವಿನವರೆಗೆ ನಡೆದು, ಕನ್ನಡಕ ಕಿತ್ತು, ಗಾಡಿ ಹತ್ತಿ ಹೊರಡುವುದು ಎಲ್ಲರ ರೂಢಿ. ಪೂರ್ತಿ ನಡೆದವರು ಯಾರೂ ಇರಲಿಲ್ಲ.

ಆ ದಿನ ಆಕೆಯನ್ನೂ ಎಸ್ಟಿಲ್‌ನನ್ನೂ ಕರೆದುಕೊಂಡು ಹೊರಟ ನಾನು ತಿರುವಿನಲ್ಲಿ ಕನ್ನಡಕ ತೆಗೆದೆ. "ಆಯ್ತು ಕಣಮ್ಮ, ಗಾಡಿ ನಿಂತಿದೆ, ಬನ್ನಿ."

"ಶಾಫ್ಟಿನ ಜಾಗ ಬಂತಾ?"

"ಅದಿನ್ನೂ ಎಲ್ಲಿದೆಯೋ. ಇಲ್ಲೀವರೆಗೆ ನಡೆದ್ರೆ ಸಾಕು."

"ಹೊಗೆಗೂ ಹಾಗಂತ ಹೇಳಿಟ್ಟಿದೀರಾ?" ಎಂದವಳೇ ಕನ್ನಡಕ ತೆಗೆಯದೆ ಹಗ್ಗ ಹಿಡಿದು ಮುಂದೆ ಹೊರಟಳು.

ಮನಸ್ಸಿನಲ್ಲೇ ಬೈದುಕೊಳ್ಳುತ್ತ ನಾನೂ ಹಿಂದೆ ಹೋದೆ. ಎಸ್ಟಿಲ್‌ಗೆ ಗಾಡಿ ಹತ್ತಲು ಮರ್ಯಾದೆ ಅಡ್ಡ ಬಂತು. ಸೂರು ತಗ್ಗಾದ ಕಡೆ ಆಕೆ ಮಂಡಿಯೂರಿ ತೆವಳಿದಳು. ಕೆಸರುನೀರಲ್ಲಿ ಮುಗ್ಗರಿಸಿದಳು, ಎದ್ದಳು, ಹಗ್ಗ ಬಿಡಲಿಲ್ಲ. ಇಷ್ಟು ಗಟ್ಟಿ ಹೆಂಗಸನ್ನು ನಾನು ಕಂಡಿರಲಿಲ್ಲ, ಬೈಗುಳ ತಾನಾಗಿ ನಿಂತುಹೋಯಿತು.

ಅರ್ಧ ದಾರಿಯಲ್ಲಿ ಎಸ್ಟಿಲ್ ಕುಸಿದು ಕೂತ. "ನೀವು ನಡೀರಿ, ಹಿಂದೇನೇ ಬರ್ತೀನಿ" ಎಂದ.

ಆಕೆ ನಿಂತಳು. ಕೆಮ್ಮು ಕೇಳಿದ ಕಡೆಗೆ ತಡವರಿಸುತ್ತ ಬಂದು ಅವನ ಪಕ್ಕದಲ್ಲಿ ಕೂತಳು. "ನಿಜವಾದ ಹೊಗೆ ಬಂದಾಗಲೂ ಹೀಗೇ ಹೇಳ್ತೀರಾ?"

"ಮತ್ತಿನ್ನೇನು ಹೇಳ್ಲಿ ತಾಯಿ. ಇವನು ನನ್ನ ಬಿಟ್ಟು ಹೋಗೋ ಪೈಕಿ ಅಲ್ಲ. ನಾನು ಸುಳ್ಳು ಹೇಳಿದ್ರೇನೇ ಇವನು ಉಳಿಯೋದು."

ಅವನ ಉಸಿರು ಹದಕ್ಕೆ ಬಂದ ಮೇಲೆ ನಾವಿಬ್ಬರೂ ತೋಳು ಹಿಡಿದು ಎಬ್ಬಿಸಿ, ಶಾಫ್ಟಿನ ಜಾಗದ ತನಕ ನಡೆಸಿಕೊಂಡು ಹೋದೆವು.

ಹೊರಗೆ ಬಂದವಳು ಮುಖದ ಮಸಿಯನ್ನೂ ಒರೆಸದೆ ಕಂಪನಿಯ ಇಂಜಿನಿಯರನ ಮುಂದೆ ನಕ್ಷೆ ಹರಡಿದಳು. "ಈ ಜಾಗಕ್ಕೆ ಒಪ್ಪಿಗೆ ಕೊಡಲ್ಲ."

ಎಸ್ಟಿಲ್ ನೆಲ ನೋಡುತ್ತ ನಿಂತ.

"ಇವರು ಕೆಲಸ ಮಾಡೋದು ಎಲ್ಲಿ, ತೋರಿಸಿ."

ಇಂಜಿನಿಯರ್ ಬೆರಳಿಟ್ಟ. ಸರಿಯಾಗಿ ಅದರ ನೆತ್ತಿಯ ಮೇಲಿತ್ತು ಹಳೆಯ ಬಿಳಿ ಓಕ್ ಮರಗಳ ತೋಪು. ಕೆಲಸಕ್ಕೆ ಸೇರಿದಂದಿನಿಂದ ಆಕೆ ಕೊಡಲಿ ಸೋಕದಂತೆ ಕಾಯ್ದ ತೋಪು ಅದು. "ಅಲ್ಲಿ ಕೇಳೋಕೆ ನಮಗೆ ಧೈರ್ಯ ಬರಲಿಲ್ಲ ಮೇಡಂ" ಎಂದ.

"ಕೇಳಬೇಕಿತ್ತು. ಅಲ್ಲೇ ತೋಡಿ. ನಾನು ಗುರುತು ಹಾಕಿದ ಮರ ಮಾತ್ರ ಕಡೀರಿ. ಒಂದು ಹೆಚ್ಚು ಬಿದ್ರೂ ಕೋರ್ಟಿಗೆ ಎಳೀತೀನಿ, ಬೇಕಾದ್ರೆ ಇವರನ್ನ ಕೇಳಿ" ಎಂದು ನನ್ನ ಕಡೆ ಕೈ ತೋರಿದಳು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ತೋಪು ಕಡಿಯುವ ವಿಚಾರಕ್ಕೆ ಸಭೆಗಳಾದವು. ಕಾಡು ಉಳಿಸುವವರು, ಆಕೆಯ ಹಳೆಯ ಸ್ನೇಹಿತರೇ, ಮುಖದ ಮೇಲೆ ಬೈದು ಹೋದರು. ಆಕೆ ಎಲ್ಲವನ್ನೂ ನಿಂತು ಕೇಳಿಸಿಕೊಂಡಳು, ಮಾತು ಬದಲಿಸಲಿಲ್ಲ. ಮರಗಳಿಗೆ ಬಣ್ಣದ ಗುರುತು ತಾನೇ ಹಾಕಿದಳು.

ಶಾಫ್ಟು ಮುಗಿದ ಮೇಲೆ ಹೊಗೆ ಕವಾಯತಾಯಿತು. ನಾನು, ಎಸ್ಟಿಲ್ ಇಬ್ಬರೂ ಹಗ್ಗ ಹಿಡಿದು ನಡೆದೆವು. ಅವನಿಗೆ ಎಲ್ಲೂ ಕೂರಬೇಕಾಗಲಿಲ್ಲ. ತೊಟ್ಟಿಲು ಮೇಲೆ ಬಂದಾಗ ನೇವಾ ಅಲ್ಲೇ ನಿಂತಿದ್ದಳು. ಎಸ್ಟಿಲ್ ಕನ್ನಡಕ ತೆಗೆದು, ಸುತ್ತಲೂ ಕಡಿದ ಮರದ ಬುಡಗಳನ್ನು ನೋಡಿದ.

"ನಿಮ್ಮ ಮರ ಹೋಯ್ತಲ್ಲಮ್ಮ."

"ಮರ ಮತ್ತೆ ನೆಡ್ತೀನಿ ಎಸ್ಟಿಲ್. ನಿಮ್ಮನ್ನ ಎಲ್ಲಿಂದ ತಂದು ನೆಡ್ಲಿ?"

ಅವನು ಒಂದು ಬುಡದ ಮೇಲೆ ಕೂತ. ನಾನೂ ಅವನ ಪಕ್ಕ ಕೂತೆ. ನಾವಿಬ್ಬರೂ ಒಟ್ಟಿಗೇ ಮೇಲೆ ಬಂದಿದ್ದೆವು.