ಯಾರ ಹತ್ತಿರವೂ ಹೋಗದ ಮಗು

ಕ್ಷೌರದಂಗಡಿಯವನ ಕೈಗುಣ ಇಡೀ ಬೀದಿಗೇ ಗೊತ್ತು. ಕತ್ತರಿ ಕಂಡರೆ ಸೂರು ಹಾರಿಹೋಗುವಂತೆ ಕಿರುಚುವ ಮಕ್ಕಳೂ ಅವನ ಕುರ್ಚಿಯಲ್ಲಿ ತಣ್ಣಗೆ ಕೂರುತ್ತಿದ್ದವು. ಆದರೆ ಅವನೂ ಹೆಂಡತಿಯೂ ದತ್ತು ತಂದುಕೊಂಡ ಐದು ವರ್ಷದ ಮಗಳು ಮಾತ್ರ, ಮನೆಗೆ ಬಂದು ಎಂಟು ತಿಂಗಳಾದರೂ, ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಅಮ್ಮನ ಹತ್ತಿರವೂ ಅಷ್ಟೇ. ಎತ್ತಿಕೊಂಡರೆ ಕೊರಡಿನ ಹಾಗೆ ಬಿಗಿದುಕೊಳ್ಳುತ್ತಿದ್ದಳು. ನಗು ಇಲ್ಲ, ಹಟ ಇಲ್ಲ, ಏನಾದರೂ ಬೇಕು ಅನ್ನುವುದೂ ಇಲ್ಲ.

"ಎಷ್ಟು ಒಳ್ಳೆ ಮಗು, ಒಂದು ರಗಳೆ ಇಲ್ಲ," ಎನ್ನುತ್ತಿದ್ದರು ಪಕ್ಕದ ಮನೆಯಾಕೆ. ಬೆನ್ನ ಹಿಂದೆ, "ಹೆತ್ತಿದ್ರೆ ತಾನೇ ಕರುಳು ಚುರ್ ಅನ್ನೋದು," ಎಂದೂ ಸೇರಿಸುತ್ತಿದ್ದರು. ಅದು ಕಿವಿಗೆ ಬಿದ್ದ ದಿನ ಹೆಂಡತಿ ಊಟ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಸ್ನಾನ ಮಾಡಿಸುವಾಗ ಮಗಳ ಅಂಗೈಯಲ್ಲಿ ದೊಡ್ಡ ಬೊಬ್ಬೆ ಕಾಣಿಸಿತು. ಹಿಂದಿನ ದಿನ ಬಿಸಿ ಇಸ್ತ್ರಿಪೆಟ್ಟಿಗೆ ಮುಟ್ಟಿದ್ದಳು. ಅತ್ತಿರಲಿಲ್ಲ, ಯಾರಿಗೂ ಹೇಳಿರಲಿಲ್ಲ.

"ಯಾಕೆ ಹೇಳಲಿಲ್ಲ? ನಾವೇನು ಸತ್ತುಹೋಗಿದ್ವಾ?" ಅವನು ಕೂಗಾಡಿದ. ಅವಳು ಗೋಡೆ ನೋಡುತ್ತ ನಿಂತಳು. ಅವನು ಹೆಂಡತಿಯ ಕಡೆ ತಿರುಗಿದ. "ಇದಕ್ಕೆ ನಾವು ಬೇಡ ಕಣೇ. ವಾಪಸ್ ಬಿಟ್ಟು ಬರೋಣ."

"ವಾಪಸ್ಸಾ? ಅಂಗಡಿಯಿಂದ ತಂದ ಬಟ್ಟೆ ಏನ್ರೀ ಅವಳು?"

ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ಗಾಯ ತೊಳೆದು ಪಟ್ಟಿ ಕಟ್ಟಿದರು. ಅಷ್ಟು ಉರಿಯಲ್ಲೂ ಮಗು ಅಪ್ಪ ಅಮ್ಮನ ಕಡೆ ಒಮ್ಮೆಯೂ ನೋಡಲಿಲ್ಲ. ಅದನ್ನು ಗಮನಿಸಿ ನರ್ಸಮ್ಮ ಕೇಳಿದರು, "ನಿಮ್ಮನೆಗೆ ಬರೋ ಮುಂಚೆ ಎಲ್ಲಿದ್ಲು?"

"ಮೂರು ಕಡೆ," ಎಂದಳು ಹೆಂಡತಿ. "ಮೊದಲನೇ ಕಡೆ ದಿನಗಟ್ಟಲೆ ಕೋಣೆಲಿ ಒಬ್ಬಳನ್ನೇ ಬಿಟ್ಟಿರ್ತಿದ್ರಂತೆ. ಆಮೇಲೂ ನೋಡ್ಕೊಳ್ಳೋರು ಬದಲಾಗ್ತಾನೇ ಇದ್ರು."

"ಅತ್ತಾಗ ಯಾರೂ ಬರದೇ ಹೋದ್ರೆ ಮಗು ಕರೆಯೋದನ್ನೇ ಬಿಡುತ್ತೆ ಅಮ್ಮ. ರಿಯಾಕ್ಟಿವ್ ಅಟ್ಯಾಚ್‌ಮೆಂಟ್ ಡಿಸಾರ್ಡರ್ ಅಂತ, ಯಾರನ್ನೂ ಹಚ್ಚಿಕೊಳ್ಳೋಕೆ ಆಗದ ಒಂದು ತೊಂದರೆ ಇದೆ. ಇವಳಿಗೆ ಅದೇನಾ, ಬೇರೆ ಏನಾದ್ರೂನಾ ಅಂತ ಮಕ್ಕಳ ಮನೋವೈದ್ಯರೇ ನೋಡಿ ಹೇಳಬೇಕು. ಚೀಟಿ ಬರ್ಕೊಡ್ತೀನಿ."

"ಹುಚ್ಚರ ಡಾಕ್ಟರ ಹತ್ರಾನಾ?" ಅವನು ಮುಖ ಗಂಟು ಹಾಕಿದ. "ಎರಡು ಬಿಟ್ರೆ ಸರಿಹೋಗ್ತಾಳೆ ಅಂತಾಳೆ ನಮ್ಮಕ್ಕ."

"ನಿಮ್ಮ ಕುರ್ಚಿಲಿ ಹೆದರಿಕೊಂಡ ಮಗುಗೆ ಎರಡು ಬಿಡ್ತೀರಾ?"

"ಛೆ! ಬಾಚಣಿಗೆ ಕೈಗೆ ಕೊಡ್ತೀನಿ. ಕತ್ತರಿ ಸದ್ದು ದೂರದಿಂದ ಕೇಳಿಸ್ತೀನಿ. ಅದು ಒಪ್ಪೋವರೆಗೂ ಕಾಯ್ತೀನಿ."

"ಇಲ್ಲೂ ಅದೇ ಕೆಲಸ ಅಣ್ಣ. ಅರ್ಧ ಗಂಟೆ ಬದಲು ತಿಂಗಳುಗಟ್ಟಲೆ, ಅಷ್ಟೇ."

ಅವನು ಚೀಟಿ ಜೇಬಿಗಿಟ್ಟುಕೊಂಡ.

ಮನೋವೈದ್ಯರು ಮೂರು ಸಲ ಮಗುವನ್ನು ನೋಡಿ, ಅವಳೊಂದಿಗೆ ಆಟವಾಡಿ, ತೊಂದರೆ ಅದೇ ಎಂದರು. ಇದು ಮಾತ್ರೆ ನುಂಗಿದರೆ ಹೋಗುವಂಥದ್ದಲ್ಲ. ಬದಲಾಗದ ಜನ ಬೇಕು, ಬದಲಾಗದ ದಿನಚರಿ ಬೇಕು. ಬಲವಂತವಾಗಿ ತಬ್ಬಬೇಡಿ, ಹೊಡೆಯಬೇಡಿ. ಬಿಟ್ಟು ಬರುವ ಮಾತು ತಮಾಷೆಗೂ ಬೇಡ. ಹೊರಗೆ ಹೋಗುವಾಗ ಯಾವಾಗ ಬರುತ್ತೀರೆಂದು ಹೇಳಿ, ಹೇಳಿದ ಹೊತ್ತಿಗೆ ಬನ್ನಿ. ಹೀಗೆ ಹೇಳಿ, ಕೊನೆಗೆ ತಾಯಿಯ ಕಡೆ ತಿರುಗಿ, "ಇದು ನಿಮ್ಮ ತಪ್ಪಲ್ಲ," ಎಂದರು. ಅವಳು ಅಲ್ಲೇ ಅತ್ತುಬಿಟ್ಟಳು. ಅವಳಿಗೆ ಆ ಮಾತನ್ನು ತಾನೂ ಹೇಳಿರಲಿಲ್ಲವಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಹಾದಿ ಸಲೀಸಾಗಿರಲಿಲ್ಲ. ಎರಡನೇ ತಿಂಗಳು ಮಗಳು ಅಮ್ಮನ ಕೈ ಕಚ್ಚಿದಳು, ತಟ್ಟೆ ಎಸೆದಳು. ಅವನಿಗೆ ಕೈ ಎತ್ತುವಷ್ಟು ಸಿಟ್ಟು ಬಂತು. "ಹತ್ತು ನಿಮಿಷ, ಬರ್ತೀನಿ," ಎಂದು ಮಗಳಿಗೆ ಹೇಳಿ, ಬೀದಿಯ ಕೊನೆಯವರೆಗೆ ನಡೆದು ಬಂದ. ದಿನಾ ಸಂಜೆ ಏಳಕ್ಕೆ ಮನೆಗೆ ಬಂದು, ಅವಳಿಂದ ಎರಡು ಮಾರು ದೂರ ಕೂತು, ಕಿತ್ತಳೆ ಸುಲಿದು ನಡುವೆ ಇಡುತ್ತಿದ್ದ. ಮೊದಮೊದಲು ಅವನು ಎದ್ದು ಹೋದ ಮೇಲೆ ತಿನ್ನುತ್ತಿದ್ದಳು. ಬರುಬರುತ್ತ ಅವನಿದ್ದಾಗಲೇ ಕೈ ಹಾಕಿದಳು. ವಾರಕ್ಕೊಮ್ಮೆ ಮೂವರೂ ಆಪ್ತಸಮಾಲೋಚಕಿಯ ಬಳಿ ಹೋಗಿ ಬರುತ್ತಿದ್ದರು.

ಹೀಗೆ ವರ್ಷ ತುಂಬುವ ಹೊತ್ತಿಗೆ ಒಂದು ಸಂಜೆ, ಕೊನೆಯ ಗಿರಾಕಿಯಿಂದಾಗಿ ಅವನಿಗೆ ತಡವಾಯಿತು. ಬಾಗಿಲಲ್ಲಿ ಮಗಳು ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಏಳಕ್ಕೆ ಬರ್ತೀನಿ ಅಂದಿದ್ದೆ! ಗಡಿಯಾರದ ದೊಡ್ಡ ಮುಳ್ಳು ಕೆಳಗೇ ಬಂದುಬಿಡ್ತು! ಎಲ್ಲಿಗೆ ಹೋಗಿದ್ದೆ ನೀನು?" ಎಂದು ಅವನ ತೊಡೆಗೆ ಗುದ್ದಿದಳು. ಗುದ್ದಿ, ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದವಳು ಬಿಡಲೇ ಇಲ್ಲ.

"ತಪ್ಪಾಯ್ತು ಕಂದ," ಎಂದ ಅವನು.

ಒಳಗಿನಿಂದ ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು. "ಬೈಸ್ಕೊಳ್ಳಿ, ಚೆನ್ನಾಗಿ ಬೈಸ್ಕೊಳ್ಳಿ. ಇವತ್ತು ಅವಳು ನಿಮಗೋಸ್ಕರ ಕಾದಿದ್ಲು."

ನಿಮ್ಮ ಮನೆಯಲ್ಲೋ ಬೀದಿಯಲ್ಲೋ, ನೋವಾದರೂ ಯಾರ ಹತ್ತಿರವೂ ಹೋಗದ ಮಗು ಇದೆಯೇ? ಒಳ್ಳೆ ಮಗು ಎಂದು ಸುಮ್ಮನಾಗಬೇಡಿ. ಕಲ್ಲುಮನಸ್ಸು ಎಂದು ಬೈಯಲೂ ಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ಅಂಥ ಮಗುವನ್ನು ಸಾಕುತ್ತಿರುವ ಅಪ್ಪ ಅಮ್ಮನನ್ನು ಆಡಿಕೊಳ್ಳುವ ಬದಲು, ಒಂದು ಹೊತ್ತಿನ ಅಡುಗೆ ಮಾಡಿಕೊಟ್ಟು ಅವರಿಗೆ ಸ್ವಲ್ಪ ವಿಶ್ರಾಂತಿ ಕೊಡಿ. ಮಗು ನಂಬುವುದು ನಿಧಾನ. ಆದರೆ ನಂಬುತ್ತದೆ, ನೀವು ಜೊತೆಗಿದ್ದರೆ.