ರೀ, ಏಳ್ತೀರೋ ಇಲ್ವೋ?

ಕಾಡ್ಗಿಚ್ಚು ಗುಡ್ಡ ಇಳಿದು ಬಂದು ಆ ಊರಿನ ಮೇಲಿನ ಅರ್ಧವನ್ನು ನುಂಗಿ ಹಾಕಿದ ಮೇಲೆ, ಸುಟ್ಟುಕೊಂಡ, ದಾರಿ ತಪ್ಪಿದ ಪ್ರಾಣಿಗಳನ್ನೆಲ್ಲ ತಂದು ಹಳೆಯ ಬಸ್ ಡಿಪೋದಲ್ಲಿ ತುಂಬಿದ್ದರು. ಪಶುವೈದ್ಯೆಯಾದ ನನ್ನನ್ನು ಬೇರೆ ಊರಿನಿಂದ ಕರೆಸಿದ್ದು ಅವುಗಳನ್ನು ನೋಡಿಕೊಳ್ಳುವುದಕ್ಕೆ. ಪಂಜಕ್ಕೆ ಬ್ಯಾಂಡೇಜು ಸುತ್ತಿಸಿಕೊಂಡ ಬೆಕ್ಕುಗಳು, ಯಾರು ಬಂದರೂ ತಮ್ಮವರೇ ಎಂದು ಬಾಲ ಅಲ್ಲಾಡಿಸುವ ನಾಯಿಗಳು, ಯಾರಿಗೂ ಬೇಡವಾದ ಒಂದು ಕತ್ತೆ. ಕತ್ತೆಗೂ ನನಗೂ ಒಂದೇ ಸ್ವಭಾವ ಎಂದು ನನ್ನ ಸಹಾಯಕಿ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ. ಕೆಲಸದಲ್ಲಿ ಕೈ ಚುರುಕಾಗಿದ್ದವರ ಬಾಯನ್ನು ನಾನು ಸಹಿಸಿಕೊಳ್ಳುತ್ತೇನೆ.

ಗಿಳಿಯನ್ನು ಸಹಿಸಿಕೊಳ್ಳುವುದು ಮಾತ್ರ ಕಷ್ಟವಾಯಿತು. ಬೆಂಕಿ ಆರಿಸುವವರು ಯಾವುದೋ ನೀರಿನ ಟ್ಯಾಂಕಿನ ಮೇಲಿಂದ ಹಿಡಿದು ತಂದಿದ್ದರು. ಬಾಲ ಅರ್ಧ ಸುಟ್ಟಿತ್ತು, ಗಂಟಲಿಗೆ ಏನೂ ಆಗಿರಲಿಲ್ಲ. ಬೆಳಕು ಹರಿಯುವುದೇ ತಡ, ಹೆಂಗಸಿನ ದನಿಯಲ್ಲಿ ಶುರು:

"ರೀ, ಏಳ್ತೀರೋ ಇಲ್ವೋ? ಎಷ್ಟು ಸಲ ಬಡ್ಕೊಳ್ಲಿ!"

ನಾಯಿಗಳು ಒಟ್ಟಿಗೆ ಬೊಗಳುತ್ತಿದ್ದವು, ಕತ್ತೆ ದನಿಗೂಡಿಸುತ್ತಿತ್ತು. ಡಿಪೋದ ಮೂಲೆಯಲ್ಲೇ ಮಂಚ ಹಾಕಿಕೊಂಡಿದ್ದ ನಾನು ದಿನಾ ಯಾರದೋ ಗಂಡನ ಪಾಲಿನ ಬೈಗುಳ ತಿಂದು ಏಳಬೇಕಾಯಿತು. ಮದುವೆಯೇ ಬೇಡವೆಂದು ತಪ್ಪಿಸಿಕೊಂಡವಳಿಗೆ ಇದೆಂಥ ಗ್ರಹಚಾರ!

ಒಂದು ಬೆಳಿಗ್ಗೆ ಡಿಪೋದ ಗೋಡೆಗೆ ಸುಣ್ಣ ಹೊಡೆದುಕೊಡುತ್ತೇನೆಂದು ಒಬ್ಬ ಪೇಂಟರ್ ಬಂದರು. ದುಡ್ಡು ಬೇಡ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದರು. ಬಕೆಟ್ಟಿನಲ್ಲಿ ಬ್ರಷ್ ಅದ್ದುತ್ತಿದ್ದಾಗ ಗಿಳಿ ಕೂಗಿತು.

"ಎದ್ದೆ ಕಣೇ," ಅಂದುಬಿಟ್ಟರು ಪೇಂಟರ್. ಆಮೇಲೆ ಬ್ರಷ್ಷು ಬಿಟ್ಟು, ಪಂಜರ ನೋಡುತ್ತಾ ಅಲ್ಲೇ ನೆಲದ ಮೇಲೆ ಕೂತರು.

ನೀರು ಕುಡಿಸಿ, "ನಿಮ್ಮ ಗಿಳೀನಾ?" ಎಂದು ಕೇಳಿದೆ.

"ಅಲ್ಲ ಡಾಕ್ಟ್ರೇ. ಪಕ್ಕದ ಮನೆ ನರ್ಸಮ್ಮಂದು. ದನಿ ಮಾತ್ರ ನಮ್ಮನೆಯವಳದು."

ಬೆಂಕಿ ಬಂದ ದಿನ ಅವರು ಬೇರೆ ಊರಿನಲ್ಲಿ ಯಾರದೋ ಮನೆಗೆ ಬಣ್ಣ ಹೊಡೆಯುತ್ತಿದ್ದರಂತೆ. ಹೆಂಡತಿ ಹೇಗೋ ಹೊರಗೆ ಬಂದಿದ್ದರಂತೆ, ಆದರೆ ಹೊಗೆ ಅಷ್ಟರಲ್ಲೇ ಎದೆಯೊಳಗೆ ಹೋಗಿಯಾಗಿತ್ತು. ಇವರು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಾತು ನಿಂತಿತ್ತು, ಆಮೇಲೆ ಉಸಿರೂ ನಿಂತಿತು. ಫೋಟೋ ಇಲ್ಲ, ಸೀರೆ ಇಲ್ಲ, ಮನೆಯೇ ಇಲ್ಲ. ಈಗ ನೋಡಿದರೆ ದನಿ ಇದೆ.

"ಒಂದೇ ಕೂಗಿಗೆ ನಾನು ಎದ್ದಿದ್ರೆ, ಇದು ಯಾವತ್ತೂ ಕಲೀತಾನೇ ಇರ್ಲಿಲ್ಲ ನೋಡಿ," ಎಂದು ನಗಲು ಹೋದರು. ನಗು ಬರಲಿಲ್ಲ.

ಅಂದಿನಿಂದ ಅವರು ದಿನವೂ ನಸುಕಿನಲ್ಲೇ ಬಂದು ಪಂಜರದ ಎದುರು ಕೂರುತ್ತಿದ್ದರು. ಗಿಳಿ ಕೂಗುವುದು, ಇವರು "ಎದ್ದೆ ಕಣೇ" ಎನ್ನುವುದು. ಮೊದಮೊದಲು ನಾನು ಆ ಕಡೆ ನೋಡದೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಆಮೇಲೆ ಅವರು ಬರುವುದು ತಡವಾದರೆ ಬಾಗಿಲ ಕಡೆ ನೋಡುವುದೇ ನನ್ನ ಕೆಲಸವಾಯಿತು.

ತೊಂದರೆ ಶುರುವಾದದ್ದು ಗಿಳಿಯ ಜಾಣತನದಿಂದ. ನೀರಿನ ಟ್ಯಾಂಕರ್ ಹಿಂದಕ್ಕೆ ಬರುವಾಗಿನ ಕೀಂ ಕೀಂ ಅದಕ್ಕೆ ಬಂತು. ನಾನು ಸಹಾಯಕಿಗೆ "ಕಣ್ಣು ಕಾಣ್ಸಲ್ವಾ ನಿಂಗೆ!" ಎಂದು ಗದರುವುದೂ ಬಂತು. ಹೊಸದು ಹೆಚ್ಚಿದ ಹಾಗೆ ಹಳೆಯ ಕೂಗು ಕಡಿಮೆಯಾಯಿತು. ಒಂದು ಬೆಳಿಗ್ಗೆಯಂತೂ ಗಿಳಿ ಅದನ್ನು ಹೇಳಲೇ ಇಲ್ಲ. ಪೇಂಟರ್ ಮಧ್ಯಾಹ್ನದವರೆಗೆ ಕಾದರು.

"ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ನೀವು ಸ್ವಲ್ಪ ಮೆಲ್ಲಗೆ ಮಾತಾಡಕ್ಕಾಗುತ್ತಾ? ಗಿಳಿಗೆ ಅವಳು ಮರೆತು ಹೋಗ್ತಿದಾಳೆ."

ಜೀವಮಾನದಲ್ಲಿ ಯಾರ ಮಾತಿಗೂ ಬಾಯಿ ಮುಚ್ಚದ ನಾನು ಅಂದಿನಿಂದ ನಾಯಿಗಳಿಗೂ ಪಿಸುಮಾತಿನಲ್ಲಿ ಬೈಯತೊಡಗಿದೆ. ಸಹಾಯಕಿಗೆ ಸ್ವರ್ಗ ಸಿಕ್ಕಂತಾಯಿತು. ನಮ್ಮ ಮೌನಕ್ಕೋ ಏನೋ, ಹಳೆಯ ಕೂಗು ನಿಧಾನವಾಗಿ ಮರಳಿತು. "ನರ್ಸಮ್ಮ ಬರದಿದ್ರೆ ಗಿಳಿ ನಿಮ್ಗೇ," ಎಂದು ನಾನು ಹಿಂದೆ ಮುಂದೆ ನೋಡದೆ ಮಾತು ಕೊಟ್ಟೆ. ಆಕೆ ಬರದೇ ಇರಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡದ್ದೂ ನಿಜ. ಪೇಂಟರ್ ಎಲ್ಲಿಂದಲೋ ತುಕ್ಕು ಹಿಡಿದ ಪಂಜರ ತಂದು, ಉಜ್ಜಿ, ಹಳದಿ ಬಣ್ಣ ಹೊಡೆಯಲು ಕೂತರು. ಅವರ ಮನೆಯ ಅಡುಗೆಕೋಣೆಯ ಬಣ್ಣವಂತೆ ಅದು.

ಆ ಪಂಜರ ಒಣಗಿಸಿ ತಂದ ದಿನವೇ ನರ್ಸಮ್ಮ ಬೇರೆ ಊರಿನ ಆಸ್ಪತ್ರೆಯಿಂದ ಬಿಡಿಸಿಕೊಂಡು ಬಂದರು. ಐವತ್ತು ದಾಟಿದ ಗಟ್ಟಿ ಹೆಂಗಸು, ಎರಡೂ ಕೈಗೆ ಬ್ಯಾಂಡೇಜು. "ಸಾಹೇಬಾ!" ಎಂದರು. ಗಿಳಿ ರೆಕ್ಕೆ ಬಡಿದು ಸರಳಿಗೆ ಅಂಟಿಕೊಂಡಿತು. ಯಾರ ಗಿಳಿ ಎಂದು ಬೇರೆ ಕೇಳಬೇಕಾಗಿರಲಿಲ್ಲ.

ಪೇಂಟರ್ ಹಳದಿ ಪಂಜರವನ್ನು ಬೆನ್ನ ಹಿಂದೆ ಹಿಡಿದು ನಿಂತರು. ಅಷ್ಟರಲ್ಲಿ ಸಾಹೇಬ ಬಾಯಿಬಿಟ್ಟ: "ರೀ, ಏಳ್ತೀರೋ ಇಲ್ವೋ?"

ನರ್ಸಮ್ಮ ಬೆಂಚಿನ ಮೇಲೆ ಕೂತರು. ಪೇಂಟರ್ ಅವರ ಮುಖ ನೋಡದೆ ಆಕೆ ಹೇಳಿದರು: "ನಂದು ರಾತ್ರಿ ಪಾಳಿ. ಬಂದು ಮಲಗೋ ಹೊತ್ತಿಗೆ ಇವರ ಹೆಂಡ್ತಿ ಕೂಗು. ಅದನ್ನ ಇವನು ಬೇರೆ ಕಲ್ತು ಹಗಲೆಲ್ಲ ಕೂಗೋನು. ಎಷ್ಟು ಜಗಳ ಆಡಿದೀನಿ ಅವಳ ಹತ್ರ! ಬೆಂಕಿ ಬಂದ ದಿನಾನೂ ಅದೇ ಕೂಗು ಕೇಳಿಸ್ತು. ಸಾಹೇಬಂದೇ ತಂಟೆ ಅಂತ ದಿಂಬು ಕಿವಿಗಿಟ್ಟು ಮಗ್ಗುಲಾದೆ."

ಆಕೆ ಬ್ಯಾಂಡೇಜಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮುಂದುವರಿಸಿದರು.

"ಕೂಗ್ತಾ ಇದ್ದದ್ದು ಅವಳೇ. ನಾನು ಎದ್ದು ಬರ್ಲಿಲ್ಲ ಅಂತ ಬಾಗಿಲು ಒಡ್ಕೊಂಡು ಒಳಗೆ ಬಂದ್ಲು, ಹೊಗೆಯೊಳಗೆ. ನನ್ನ ಎಳ್ಕೊಂಡು ಬಂದ್ಲು. ಸಾಹೇಬನ್ನ ಹಾರಿಬಿಟ್ಟೆ, ಕಾದ ಗೇಟು ತಳ್ಳಿ ಕೈ ಸುಟ್ಕೊಂಡೆ, ಅಷ್ಟೇ ನಂಗಾಗಿದ್ದು. ಮೊದಲೇ ಎದ್ದಿದ್ರೆ ಅವಳು ಒಳಗೇ ಬರ್ತಿರ್ಲಿಲ್ಲ. ಗಿಳಿ ನೀವೇ ಇಟ್ಕೊಳ್ಳಿ. ನಂಗೆ ಯಾವ ಮುಖ ಇದೆ?"

ಪೇಂಟರ್ ಈಗ ಕೂಗಾಡುತ್ತಾರೆ ಎಂದುಕೊಂಡೆ. ಕೂಗಾಡಲಿ ಎಂದೂ ಅನಿಸಿತು. ಅವರು ಹಳದಿ ಪಂಜರವನ್ನು ಬೆಂಚಿನ ಮೇಲಿಟ್ಟರು.

"ಎಷ್ಟು ಸಲ ಕೂಗಿದ್ಲು?"

"ತುಂಬಾ ಸಲ."

"ಹೂಂ. ಅವಳ ಮೊದಲ್ನೇ ಕೂಗಿಗೆ ಯಾರೂ ಎದ್ದವರಿಲ್ಲ ನರ್ಸಮ್ಮ. ನಾನೇ ಎದ್ದಿಲ್ಲ."

ಆಕೆಯ ಬ್ಯಾಂಡೇಜಿನ ಕೈಗೆ ಚಿಲಕ ತೆಗೆಯಲು ಆಗದೆಂದು ಅವರೇ ತೆಗೆದು, ಸಾಹೇಬನನ್ನು ಹಳದಿ ಪಂಜರಕ್ಕೆ ದಾಟಿಸಿ, ಆಕೆಯ ಮಡಿಲಲ್ಲಿಟ್ಟರು. "ನಿಮ್ಮ ಗಿಳಿ ನಿಮ್ಮ ಹತ್ರಾನೇ ಇರ್ಲಿ," ಎಂದರು. ಬಾಗಿಲವರೆಗೆ ಹೋಗಿ ತಿರುಗಿದರು. "ದೂರ ಮಾತ್ರ ಹೋಗ್ಬೇಡಿ."

ಮನೆ ಕಳೆದುಕೊಂಡವರಿಗೆ ಆಟದ ಮೈದಾನದಲ್ಲಿ ತಗಡಿನ ಶೆಡ್ಡುಗಳನ್ನು ಹಾಕಿಕೊಡುತ್ತಿದ್ದರು. ಇವರಿಬ್ಬರೂ ಅಕ್ಕಪಕ್ಕದವನ್ನೇ ಕೇಳಿ ಪಡೆದರು. ನಡುವೆ ಒಂದೇ ತಗಡು.

ಡಿಪೋ ಖಾಲಿಯಾಯಿತು. ಕತ್ತೆಯನ್ನು ನಾನೇ ಇಟ್ಟುಕೊಂಡೆ, ಇನ್ನೇನು ಮಾಡುವುದು. ಊರು ಬಿಡುವ ಮುಂಚೆ ಹೇಳಿ ಹೋಗೋಣವೆಂದು ಶೆಡ್ಡುಗಳ ಕಡೆ ನಡೆದೆ. ಹೊಸ ಮನೆಗಳ ಗೋಡೆಗಳು ಏಳುತ್ತಿದ್ದವು, ಎಲ್ಲೆಡೆ ಹಸಿ ಸಿಮೆಂಟಿನ ವಾಸನೆ. ದೂರದಿಂದಲೇ ಕೇಳಿಸಿತು:

"ರೀ, ಏಳ್ತೀರೋ ಇಲ್ವೋ?"

"ಎದ್ದೆ ಕಣೇ."

ಸದ್ಯ, ಪೇಂಟರ್ ಸಿಕ್ಕರು ಎಂದು ಅವರ ಬಾಗಿಲಿಗೆ ಹೋದರೆ ಬೀಗ. ಪಕ್ಕದ ಶೆಡ್ಡಿನಿಂದ ನರ್ಸಮ್ಮ ಹೊರಬಂದು, ಬಾಯಿಗೆ ಬೆರಳಿಟ್ಟು, ಒಳಗೆ ಕರೆದರು. ಹಳದಿ ಪಂಜರ ತಗಡಿನ ಗೋಡೆಗೆ ಒತ್ತಿಕೊಂಡು ತೂಗುತ್ತಿತ್ತು.

"ಅವರು ಬೆಳಿಗ್ಗೇನೇ ಕೆಲಸಕ್ಕೆ ಹೋದ್ರು. ಈಗ ಕೇಳಿದ್ರಲ್ಲ, ಎರಡೂ ಇವನೇ."

"ಪೇಂಟರ್ ಕೇಳಿದಾರಾ?"

"ಇಲ್ಲ. ಅವರು ಮನೇಲಿದ್ರೆ ಇವನು ಬರೀ ಕೂಗ್ತಾನೆ. ಉತ್ತರ ಹೇಳಲ್ಲ ಡಾಕ್ಟ್ರೇ, ಅವರಿಗೇ ಬಿಡ್ತಾನೆ."